ಜಂತೆಯ ಲೆಕ್ಕ

ಮೊದಲು ಉಂಗುರ ತೆಗೆ, ರುಫೀನಾ.
ಕೈಗಡಿಯಾರವನ್ನೂ. ಸಿಗರೇಟು ಸೇದಿದ್ದರೆ
ಇವತ್ತು ನೀನು ಮುಟ್ಟುವ ಹಾಗಿಲ್ಲ.
ಮರದ ನೆರಳಿಂದ ಮೂರು ಮಾರು ಆಚೆ,
ಕೊಂಬೆಯ ಹನಿ ಬೀಳದ ಕಡೆ ಮಂಡಿಯೂರು.
ಲೋಹ ಹುಡುಕಲು ಬಂದವರು
ಮೈಮೇಲೆ ಲೋಹ ಇಟ್ಟುಕೊಳ್ಳಬಾರದು.

ನೋಡು, ಇದು ಮೆಟ್ಟಿಲು ಹಾವಸೆ.
ವರ್ಷಕ್ಕೊಂದೇ ಮೆಟ್ಟಿಲು. ಹಳೆಯದರ ಬೆನ್ನಿಂದ
ಹೊಸದು, ಪುಟ್ಟ ಗರಿಯ ಹಾಗೆ, ಓರೆಯಾಗಿ.
ಮೇಲಿನ ಮೂರನ್ನು ಮಾತ್ರ ಚಿವುಟು,
ಕೆಳಗಿನ ಕಂದು ಮಣ್ಣಿನ ಪಾಲು.
ಬೇರೆಂಬುದಿಲ್ಲ ಇದಕ್ಕೆ; ನೆಲವನ್ನು ಬೇಡುವುದಿಲ್ಲ.
ಮೈಗೆ ಮೇಣದ ಹೊದಿಕೆಯೂ ಇಲ್ಲ.
ಆಕಾಶ ಬಡಿಸಿದ್ದೇ ಊಟ:
ಮಂಜು, ಸೋನೆ, ಬಾರೆಂಟ್ಸ್ ಕಡಲ ಉಪ್ಪು,
ಮತ್ತೆ ನಮ್ಮ ಚಿಮಣಿಯ ನಿಕ್ಕಲ್, ತಾಮ್ರ.
ಎಲೆಯ ಮುಂದೆ ಕೂತವರು ಸಾಕು ಎನ್ನಬಹುದು.
ತಾನೇ ಎಲೆಯಾದದ್ದು ಏನೆನ್ನುತ್ತದೆ?

ಸಂಶೋಧನಾಲಯದ ಹುಡುಗ ಒಬ್ಬ ಬಂದಿದ್ದ.
‘ಎಂಥ ಸಹನೆ, ಕ್ಲಾವ್ದಿಯಾ ಸವೆಲ್ಯೆವ್ನಾ!
ವಿಷವನ್ನು ಜೀವಕೋಶದ ಗೋಡೆಯಲ್ಲೇ ಕಟ್ಟಿಹಾಕುತ್ತದೆ,
ಒಳಮನೆಗೆ ಬಿಡುವುದಿಲ್ಲ’ ಎಂದ.
ಗೋಡೆ ತುಂಬಿದ ಮೇಲೆ? ಎಂದೆ.
ಕಾರ್ಖಾನೆಯಿಂದ ಏಳು ಕಿಲೋಮೀಟರಿನೊಳಗೆ
ಅವನ ಸಹನಶೀಲೆ ಒಬ್ಬಳೂ ಇರಲಿಲ್ಲ.
ಹಸಿರು ಹಳದಿಯಾಗಿ, ಹಳದಿ ಕಂದಾಗಿ,
ಸೋಸಿದ ಚಹಾದ ಚರಟದಂತೆ
ಬೆರಳ ಸಂದಿಯಲ್ಲಿ ಉದುರಿದ್ದನ್ನು
ನಾನೇ ಲಕೋಟೆಗೆ ತುಂಬಿದ್ದೆ.

ಅರ್ಸೇನಿ ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ.
ಸಂಬಳದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದ,
ನಾನು ಹಾವಸೆಯ ಲಕೋಟೆಗಳನ್ನು ಬೀರುವಿನಲ್ಲಿ.
ಅವನು ಹೋದ ಚಳಿಗಾಲ, ಸೂರ್ಯ ಏಳದ ವಾರಗಳಲ್ಲಿ
ಎರಡನ್ನೂ ಅಡಿಗೆಮನೆಯ ಮೇಜಿನ ಮೇಲೆ ಹರಡಿದೆ.
ವರ್ಷಕ್ಕೆ ವರ್ಷ ತಾಳೆಯಾಯಿತು.
ಬೋನಸ್ಸು ಕೈತುಂಬಿದ ವರ್ಷ
(ಮಗಳಿಗೆ ಪಿಯಾನೋ ಕೊಂಡಿದ್ದೆವು,
ನಾಲ್ಕನೇ ಮಹಡಿಗೆ ಆರು ಜನ ಹೊತ್ತು ತಂದಿದ್ದರು)
ಹಾವಸೆಯಲ್ಲೂ ಎಲ್ಲಕ್ಕಿಂತ ಹೆಚ್ಚು ನಿಕ್ಕಲ್.

‘ಉಂಡ ಮನೆಯ ಜಂತೆ ಎಣಿಸುತ್ತೀಯಲ್ಲ!’
ಪಾಳಿ ಮುಗಿಸಿ ಬಂದ ಅವನ ಗೆಳೆಯರು
ಬಾಗಿಲಲ್ಲೇ ನಿಂತು ಅಂದಿದ್ದರು ಒಮ್ಮೆ.
ಅರ್ಸೇನಿ ಆಚೆಗೂ ಈಚೆಗೂ ಒಂದು ಮಾತಾಡಲಿಲ್ಲ.
ಬೆಳಿಗ್ಗೆ ನೋಡಿದರೆ ನನ್ನ ಕಾಡಿನ ಬೂಟಿಗೆ
ಹೊಸ ಲಾಡಿ ಪೋಣಿಸಿಟ್ಟಿದ್ದ.

ಹೌದು, ಉಂಡೆ. ಎಣಿಸಿದೆ ಕೂಡ.
ಉಣ್ಣದವರಿಗೆ ಆ ಜಂತೆ ಕಾಣುವುದಾದರೂ ಹೇಗೆ?

ಕುಲುಮೆ ಆರಿ ಇದು ಎಂಟನೆಯ ಬೇಸಿಗೆ.
ಸುಟ್ಟ ಇಳಿಜಾರಿನಲ್ಲಿ, ಕಲ್ಲಿನ ಬಗಲಲ್ಲಿ,
ಮೆಟ್ಟಿಲು ಹಾವಸೆಯಲ್ಲ, ಬೇರೆ ಯಾವುದೋ ಗಿಡ್ಡ ಜಾತಿ
ಉಗುರಿನಷ್ಟು ಜಾಗ ಹಿಡಿದಿದೆ.
ಕೆಂಪು ದಂಟು, ತುದಿಗೊಂದು ಬಾಗಿದ ಬುರುಡೆ.
ವಿನಯಕ್ಕೆ ಬಾಗಿದ್ದಲ್ಲ, ಒಳಗಿನ ಬೀಜಧೂಳಿನ ಭಾರಕ್ಕೆ.
ಅದನ್ನು ಕೀಳಬೇಡ. ಲೆಕ್ಕಕ್ಕೆ ಇನ್ನೂ ಬಂದಿಲ್ಲ ಅದು.

ನನ್ನ ಉಂಗುರವೇ? ಕೇಳುತ್ತೀಯೆಂದು ಗೊತ್ತಿತ್ತು.
ಅವನು ಹೋದಮೇಲೆ ಬಲಗೈಯಿಂದ ಎಡಗೈಗೆ ಹಾಕಿಕೊಂಡೆ,
ವಿಧವೆಯರು ಇಲ್ಲಿ ಮಾಡುವ ಹಾಗೆ.
ಈಗ ಗಂಟು ಊದಿದೆ, ಸೋಪಿಗೂ ಜಗ್ಗುವುದಿಲ್ಲ.
ಅದಕ್ಕೇ ಈ ಸಲ ಚಿವುಟುವುದು ನೀನು.
ಲಕೋಟೆ ನಾನು ಹಿಡಿದಿರುತ್ತೇನೆ
ಒಂದೇ ಕೈಯಲ್ಲಿ,
ಇನ್ನೊಂದು ಜೇಬಿನಲ್ಲಿರಲಿ.