ಇಪ್ಪತ್ಮೂರರ ಕಲ್ಲು

ನಕಾಶದಾಗ ನೋಡಿದ್ರ ನಮ್ಮ ರಸ್ತೆ
ಕಡ್ಡಿಪೆಟ್ಟಿಗ್ಯಾನ ಒಂದು ಕಡ್ಡಿಯಷ್ಟ.
ಬೇವಿನಕಟ್ಟಿ ಕ್ರಾಸಿನಾಗ ದೊಡ್ಡ ದಾರಿಯ ಕೈ ಬಿಟ್ಟು
ಘಟಪ್ರಭೆಯ ಹಿನ್ನೀರಿಗೆ ಮೂಗು ತಾಗಿಸಿ ನಿಲ್ಲತೈತಿ.
ರಾಜ್ಯ ಹೆದ್ದಾರಿ ಅಂತ ಹೆಸರು.
ಹೆಸರಿಗೇನ್ರಿ,
ನಮ್ಮ ಓಣ್ಯಾಗಿನ ಕುಂಟ ಎತ್ತಿಗೆ
ಸರದಾರ ಅಂತಿದ್ರು.

ನಾ ಇದರ ಗ್ಯಾಂಗಮನ್.
ಇಪ್ಪತ್ತಾರು ವರ್ಷ ಇದರ ತೆಗ್ಗು ತುಂಬೇನಿ,
ನನ್ನ ಹೊಟ್ಟಿ ತೆಗ್ಗನೂ ಇದು ಅಷ್ಟಿಷ್ಟು ತುಂಬೇತಿ.

ಕ್ರಾಸಿನಾಗ ಮೀರಾಸಾಬನ ಪಂಕ್ಚರ ಅಂಗಡಿ.
ಮೂರರ ಕಲ್ಲಿಗೆ ಆಲೆಮನಿ ಇತ್ತು, ಈಗ ಒಲಿ ಆರೇತಿ,
ಕಾರ್ಖಾನಿಗೆ ಹೋಗೂ ಜೋಡಿ ಟ್ರೇಲರು
ಹಾಡು ಒದರಕೋತ, ಕಬ್ಬು ಉದುರಿಸಕೋತ ಹೋಗತಾವ.
ಏಳಕ್ಕ ಹಳ್ಳ.
ಅಲ್ಲಿಂದ ಹನ್ನೊಂದರ ತನಕ ಬರೇ ಎರಿ.
ಎಷ್ಟು ಡಾಂಬರು ಹಾಕಿದ್ರೂ ಬ್ಯಾಸಗ್ಯಾಗ ಬಾಯಿ ಬಿಡತೈತಿ,
ಮಳಿಗಾಲದಾಗ ಬಸರಿ ಆಗತೈತಿ.
ಇಂಜಿನಿಯರು ಮಣ್ಣಿನ ಗುಣ ಅಂತ ಬರಕೊಂಡ್ರು.
ನಮ್ಮವ್ವ, "ಎರಿ ಅಂಗಾತ ಮಲಗೂ ಮಣ್ಣಲ್ಲೋ,
ಮಗ್ಗಲಾ ಬದಲಿಸತೈತಿ" ಅಂತಿದ್ಲು.

ಅವ್ವ ದುಂಡವ್ವ, ಈ ರಸ್ತೆಗೆ ಖಡಿ ಒಡದಾಕಿ.
ಅದಕ್ಕೂ ಮೊದಲ ಇದು ಚಕ್ಕಡಿ ದಾರಿ,
ಹತ್ತಿ ಹೇರಿದ ಗಾಡಿ ಎರಡು ರಾತ್ರಿ ಹಿಡೀತಿದ್ವಂತ.
ಎಪ್ಪತ್ತೆರಡರ ಬರಗಾಲದಾಗ ಕೆಲಸ ಸುರುವಾತು.
ಕೂಲಿ ಅಂದ್ರ ಪರದೇಶದ ಕೆಂಪು ಜೋಳ,
ತಟ್ಟಿದ್ರ ರೊಟ್ಟಿ ಹರೀತಿತ್ತು, ಕೂಸುಗೋಳು ಉಗಳತಿದ್ವು.
ಹದಿನಾಲ್ಕರ ಕಲ್ಲಿನ ಹತ್ರ
ಒಂದು ಚೂರು ಸಿಡದು ಅವ್ವನ ಎಡಗಣ್ಣು ಹೋತು.
"ಸರಕಾರದವ್ರು ನನ್ನ ಕಣ್ಣು ಹಾಸ್ಯಾರ ಅಲ್ಲೆ,
ನೋಡಿ ಕಾಲಿಡು" ಅಂತ ನಗತಿದ್ಲು.
ಹದಿನಾಲ್ಕರಾಗ ತೆಗ್ಗು ಬೀಳಾಕ ನಾ ಇನ್ನೂ ಬಿಟ್ಟಿಲ್ಲ.

ರಸ್ತೆ ಎರಡೂ ಕಡೆ ಹುಣಸಿ, ಮೈಮ್ಯಾಲ ನಂಬರು.
ಹಣ್ಣು ಇಲಾಖೆದು, ನೆರಳು ಯಾರದೋ.

ಆಗ ಇದು ಮೂವತ್ತೊಂದು ಕಿಲೋಮೀಟರ್ ಇತ್ರಿ.
ಕಡೀ ಊರು ಕೊಣ್ಣಾಪುರ.
ಆಲಮಟ್ಟ್ಯಾಗ ಗೇಟು ಇಳಿಸಿದ್ರು,
ನೀರು ಅವಸರ ಮಾಡಲಿಲ್ಲ.
ಮೊದಲ ಹೊಳಿದಂಡಿ ಹೊಲ, ಆಮ್ಯಾಲ ಗರಡಿಮನಿ,
ಆಮ್ಯಾಲ ಬಸ್ ನಿಲ್ದಾಣದ ಮೂರು ಮೆಟ್ಟಲಾ,
ದಿನಕ್ಕೊಂದರಂಗ.
ಊರನ್ನ ಹತ್ತೊಂಬತ್ತರ ದಿನ್ನಿ ಮ್ಯಾಲ ತಂದು ಇಟ್ರು,
ಓಣಿ ಹೋಗಿ ಸೆಕ್ಟರ್ ಬಂತು.

ಓವರಸೀರ ಗಲಗಲಿಯವರು ಡಬ್ಬಿ ಕೊಟ್ಟು ಅಂದ್ರು:
"ಮೂವತ್ತೊಂದು ಅಳಸು, ಎಲ್ಲಾ ಕಲ್ಲಿನ ಅಂತರ ತಿದ್ದು."
ತಿದ್ದಿದೆ. ತಲಿಗೆ ಹಳದಿ, ಮೈಗೆ ಬಿಳಿ, ಅಕ್ಷರಕ್ಕ ಕರಿ.
ಕೊಣ್ಣಾಪುರ ಮೂರು. ಕೊಣ್ಣಾಪುರ ಎರಡು. ಕೊಣ್ಣಾಪುರ ಒಂದು.
ಇಪ್ಪತ್ತರ ಕಲ್ಲಿಗೆ ಬಂದು ಕುಂಚ ಹಿಡಕೊಂಡು ನಿಂತೆ.
"ಸಾಹೇಬ್ರ, ಮುಂದಿನ ಊರು ಯಾವದು ಬರೀಲಿ?"
ಅವರು ಕಡತ ತಿರುವಿದ್ರು. ಚಷ್ಮಾ ತಗದು ಒರಸಿದ್ರು.
ಅವರ ತವರಮನಿ ಕಡೆಯವರೂ ಕೊಣ್ಣಾಪುರದವರಂತ,
ಅದು ನನಗ ಆಮ್ಯಾಲ ಗೊತ್ತಾತು.
"ಖಾಲಿ ಬಿಡೋ" ಅಂದ್ರು.
ಹಿಂಗಾಗಿ ನಾಕು ಕಲ್ಲಿಗೆ ಊರಿಲ್ಲ.
ಬರೇ ನಂಬರು.

ಬಸ್ಸು ಹತ್ತೊಂಬತ್ತಕ್ಕ ತಿರಗತೈತಿ.
ಅದರಾಚೆ ಮೀನಗಾರರ ಗಾಡಿ, ನನ್ನ ಸೈಕಲ್ಲು,
ಡಾಂಬರು ಮ್ಯಾಲ ಶೇಂಗಾ ಒಣಗಿಸಾವ್ರು.
ಆದ್ರೂ ವರ್ಷಾ ಹುಲ್ಲು ಸವರತೇನಿ,
ಹೆದ್ದಾರಿ ಅಂದ್ಮ್ಯಾಲ ಹೆದ್ದಾರಿ.

ಬಿಸಲ ಏರಿ ಹಿನ್ನೀರು ಹಿಂದ ಸರದಾಗ
ಇಪ್ಪತ್ನಾಕರ ಕಲ್ಲು ಮ್ಯಾಲ ಬರತೈತಿ.
ಮೈತುಂಬ ರಾಡಿ, ಶಂಖದಹುಳ.
ಬಣ್ಣ ಹೋಗೇತಿ, ಆದ್ರ ಹಳೇ ಕಲಕುಟಿಗರು
ಉಳಿ ಹಚ್ಚಿ ಕೊರದಿದ್ದು ಹೋಗಿಲ್ಲ:
ಕೊಣ್ಣಾಪುರ ೭.
ಅದು ನನ್ನ ಹದ್ದಿನಾಗಿಲ್ಲ, ಬಣ್ಣದ ಲೆಕ್ಕದಾಗೂ ಇಲ್ಲ.
ಡಬ್ಬಿ ತಳದಾಗ ಉಳದಿದ್ದು ಎಷ್ಟಾಗತೈತಿ ಅಷ್ಟು ಬಳದು ಬರತೇನಿ.
ಒಂದು ವರ್ಷ ತಲಿಗಷ್ಟ ಸಾಕಾತು.

ಮೊನ್ನೆ ಬೈಕಿನ ಹುಡುಗ ಒಬ್ಬ
ಮೊಬೈಲ್ ತೋರಿಸಿ ಕೇಳಿದ:
"ಕಾಕಾ, ಇದರಾಗ ದಾರಿ ಇನ್ನೂ ಮುಂದ ತೋರಸಾಕತ್ತೇತಿ,
ಐತೇನು?"
ಎದುರಿಗೆ ನೀರು, ದಂಡ್ಯಾಗ ಎರಡು ಬೆಳ್ಳಕ್ಕಿ.
"ಐತೆಪ್ಪಾ" ಅಂದೆ,
"ಬಸವ ಜಯಂತಿ ಆದಮ್ಯಾಲ ಬಾ."