ಒಂದು ಗೇಣು

ಡಬ್ಬಿ ಬಿಚ್ಚಿದಾಗ ಮಾಸ್ಕು
ಹೊಸ ಅಳಿಯನ ಹಾಗೆ ಮಿಂಚುತ್ತಿತ್ತು.
"ಹೊಳಪು ನಂಬಬ್ಯಾಡ ಕಸ್ತೂರಿ," ಅಂದರು ದಸ್ತಗೀರ ಮಾಸ್ತರು,
"ಕಾರ್ಖಾನ್ಯಾಗ ಕುಂತ ಎಣ್ಣಿ ಪದರ ಒಳಗ ಐತಿ.
ತಾನು ಕಾಣಂಗಿಲ್ಲ, ನಿನಗೂ ಕಾಣಗೊಡಂಗಿಲ್ಲ."

ಬಸಲಿಂಗ ಕಿಸೆಯಿಂದ ಲೈಟರ್ ತೆಗೆದ:
ಗೋವಾದಾಗ ಹಿಂಗ ಸುಡ್ತಾರಂತ್ರಿ, ಒಂದ ನಿಮಿಷದ ಕೆಲಸ.
ಮಾಸ್ತರು ಮಾತಾಡಲಿಲ್ಲ. ಶೆಡ್ಡಿನ ಮೊಳೆಗೆ ನೇತಾಡುವ
ಹಳೆಯದೊಂದನ್ನು ತಂದು ಅವನ ಮಡಿಲಿಗೆ ಹಾಕಿದರು.
ಅಂಚಿನ ರಬ್ಬರು ಸುಟ್ಟ ಹಪ್ಪಳದಂತೆ ಮುರುಟಿತ್ತು,
ಗಾಜಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು.
ಲೈಟರ್ ಕಿಸೆಗೆ ಹೋಯಿತು.

ಹಲ್ಲುಜ್ಜುವ ಪೇಸ್ಟು, ಬಿಳಿಯದು, ಜೆಲ್ ಅಲ್ಲ,
ಗಾಜಿನ ಒಳಮೈಗೆ ಅವರೆಕಾಳಿನಷ್ಟು.
ಬೆರಳ ತುದಿಯಲ್ಲಿ ಸುತ್ತು, ಸುತ್ತು,
ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆದು,
ಮತ್ತೆ ಹಚ್ಚಿ, ಮತ್ತೆ ತೊಳೆದು.
ಮೂರನೆಯ ದಿನ ಗಾಜಿಗೆ ಹಾ ಎಂದು ಉಸಿರಿದೆ.
ಬಂದ ಮಬ್ಬು ನಿಲ್ಲಲು ಜಾಗ ಸಿಗದೆ
ತಾನಾಗಿಯೇ ಎದ್ದು ಹೋಯಿತು.

ಹೆರಕಲ್ ಹಿನ್ನೀರಿನ ದಂಡೆ. ದೋಣಿ, ಹಗ್ಗ, ಎರಡು ಸಿಲಿಂಡರು.
ಊರಿಗೆ ನೀರೆತ್ತುವ ಜಾಕ್‌ವೆಲ್ಲಿನ ಜಾಲರಿ
ಎಲ್ಲೋ ಸಡಿಲವಾಗಿದೆ, ಪಂಪು ಕೆಮ್ಮುತ್ತಿದೆ,
ನಾವು ಇಳಿದು ನೋಡಬೇಕು.
"ಪಂಪ್ ಬಂದ್ ಆತೇನು? ಚಾವಿ ಯಾರ ಕಡೆ?"
ಮಾಸ್ತರು ಫೋನಿನಲ್ಲಿ ಎರಡು ಸಲ ಕೇಳಿದರು,
ಚಾವಿ ಕೈಗೆ ಬಂದ ಮೇಲೆಯೇ ನನ್ನ ಕಡೆ ತಿರುಗಿದರು:
"ಈಗ ಉಗುಳು."

ನಾನು ನಕ್ಕೆ. ನಮ್ಮಜ್ಜಿ ಕೂಡ ಉಗುಳುತ್ತಿದ್ದಳು,
ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು
ಮುಖದ ಸುತ್ತ ಮೂರು ಸಲ ಇಳಿಸಿ, ಥೂ, ಥೂ,
ನನ್ನ ಮೊಮ್ಮಗಳ ಮ್ಯಾಲಿನ ದೃಷ್ಟಿ ಹೋಗಲಿ ಅಂತ.
ಇಲ್ಲಿ ಅದೇ ಉಗುಳು, ದೃಷ್ಟಿ ಬರಲಿ ಅಂತ.
ಬಸಲಿಂಗನಿಗೆ ಮಾತ್ರ ಅಪ್ಪಣೆ ಇಲ್ಲ:
"ಎಲಿ ಅಡಿಕಿ ಬಾಯಿ ನಿಂದು. ನೀ ಶಾಂಪೂ ಹಚ್ಚು,
ಕೂಸಿಂದು, ಕಣ್ಣ ಉರಿಯದಂಥಾದ್ದು,
ಒಂದ ಹನಿ, ನೀರಾಗ ಕಲಸಿ."
ಒಮ್ಮೆ ಅದ್ದಿ ತೆಗೆ. ಒರೆಸಬೇಡ.
ಹಣೆಯ ಮೇಲೆ ಏರಿಸಿ ಬಿಸಿಲಲ್ಲಿ ಅಡ್ಡಾಡಬೇಡ,
ಬೆವರಿನ ಹಬೆ ಒಳಗೆ ಕೂತುಬಿಡುತ್ತದೆ.

ಇಳಿದೆವು.
ನೀರು ಚಹಾದ ಬಣ್ಣ, ಮಳೆಗಾಲದ ಕೆಸರು ಇನ್ನೂ ಕೂತಿಲ್ಲ.
ಮೂರು ದಿನ ಉಜ್ಜಿದ ಗಾಜಿನಾಚೆ
ನನ್ನ ಮೊಣಕೈಯೇ ನನಗೆ ಕಾಣಲಿಲ್ಲ.
ಹೆದರಿಕೆಗೆ ಮೂಗಿನಿಂದ ಉಸಿರು ಬಿಟ್ಟೆ,
ಅಷ್ಟೂ ಕಷ್ಟ ಒಂದು ಉಸಿರಿಗೆ ಮಬ್ಬಾಯಿತು.

ಹೇಳಿಕೊಟ್ಟಿದ್ದು ನೆನಪಿತ್ತು. ಕೈಗೆ ನೆನಪಿತ್ತು, ನನಗಲ್ಲ.
ಅಂಚು ಎತ್ತಿ ಒಂದು ಗುಟುಕು ಹೊಳೆಯನ್ನು ಒಳಗೆ ಬಿಟ್ಟುಕೊಂಡೆ,
ಕಣ್ಣೆದುರೇ ನೀರು, ತಣ್ಣಗೆ, ರೆಪ್ಪೆಗೆ ತಾಗಿ.
ತಲೆ ಬಾಗಿಸಿ ಗಾಜಿನ ಮೇಲೆ ಆಡಿಸಿದೆ,
ಮೇಲಂಚು ಒತ್ತಿ, ಮುಖ ಎತ್ತಿ,
ಮೂಗಿನಿಂದ ಮೆಲ್ಲಗೆ ಊದಿದೆ. ಹೊಳೆ ಹೊಳೆಗೆ ಹೋಯಿತು.

ಆಮೇಲೆ ಒಂದು ಗೇಣು ಕಂಡಿತು.
ಒಂದೇ ಗೇಣು, ಆದರೆ ಕನ್ನಡಿಯಂತೆ:
ಜಾಲರಿಯ ಸರಳು, ಅದಕ್ಕಂಟಿದ ಒಂದು ಬಸವನಹುಳು,
ಅರ್ಧ ಬಿಚ್ಚಿಕೊಂಡ ಬೋಲ್ಟು, ಅದರ ತಲೆಯ ಮೇಲೆ ಏಳು.
ಅದರಾಚೆ ಬಸಲಿಂಗನ ಹೆಬ್ಬೆರಳು ಮಾತ್ರ,
ದೇಹವಿಲ್ಲದ ಹೆಬ್ಬೆರಳು, ಕೇಳುತ್ತಿತ್ತು: ಎಲ್ಲಿ?
ಅವನ ಕೈ ಹಿಡಿದು ಬೋಲ್ಟಿನ ಮೇಲೆ ಇಟ್ಟೆ.

ದೋಣಿಗೆ ಬಂದು ಏಳು ಎಂದೆ. ಮಾಸ್ತರು ಬರೆದುಕೊಂಡರು.
"ಮತ್ತೇನು ಕಂಡ್ತು?"
ಬಸವನಹುಳು.
ಅದನ್ನೂ ಬರೆದುಕೊಂಡರೋ ಏನೋ,
ಪೆನ್ನು ಸ್ವಲ್ಪ ಹೊತ್ತು ಆಡಿತು.
"ಮಾಸ್ಕು ನೆರಳಾಗ ಇಡು," ಅಂದರು,
"ನಾಳಿನೂ ಉಗುಳಬೇಕು."