ಸೂಟು

ಸಿಂಧನೂರಿನ ಎಪಿಎಂಸಿಯಲ್ಲಿ ತೂಕ ನಡೆದಿತ್ತು.
ಚೀಲಕ್ಕೆ ಎರಡು ಕಿಲೋ ಸೂಟು:
ಗೋಣಿಯ ತೂಕ, ತೇವದ ತೂಕ, ದಲಾಲಿಯ ಮುಖದ ತೂಕ,
ಎಲ್ಲ ಕಳೆದು ಉಳಿದದ್ದು ನೆಲ್ಲು.

ಎದುರಿನ ಚಹದಂಗಡಿಯ ಟಿವಿಯಲ್ಲಿ
ಯಾರೋ ದೇಶವನ್ನೇ ತೂಗುತ್ತಿದ್ದರು.
ಯಾವ ರಾಜ್ಯದಲ್ಲಿ ಎಷ್ಟು ತಲೆ, ಎಷ್ಟು ತಲೆಗೆ ಒಂದು ಕುರ್ಚಿ.
ನಕಾಶೆಯಲ್ಲಿ ನಮ್ಮ ಕಡೆ
ಅರಿವೆ ಒಗೆದಂತೆ ಕುಗ್ಗುತ್ತಿತ್ತು.

ಈರಮ್ಮ ಬಸಿಗೆ ಚಹ ಸುರುವಿಕೊಂಡು ನನ್ನತ್ತ ನೋಡಿದಳು.
ಆ ನೋಟ ನನಗೆ ಗೊತ್ತು.
ಮೂವತ್ತೆಂಟು ವರ್ಷದ ಹಿಂದೆ ಆಸ್ಪತ್ರೆಯ ಜೀಪಿನಲ್ಲಿ
ಏಳು ಹೆಂಗಸರ ನಡುವೆ ಮುದುರಿ ಕೂತು ಹೀಗೇ ನೋಡಿದ್ದಳು.
"ಎರಡೇ ಸಾಕೇನ್ರಿ ಸಿಸ್ಟರ್?"
"ಸಾಕವ್ವ."
ಗೋಡೆಯ ಕೆಂಪು ತ್ರಿಕೋನ ಆಗಿನ್ನೂ ಹಸಿ ಬಣ್ಣ.
ನನ್ನ ರಿಜಿಸ್ಟರಿನಲ್ಲಿ ಅವಳು ನಾನೂರಾ ಹನ್ನೊಂದು.
ಗುರಿಗೆ ಇನ್ನೂ ಒಂಬತ್ತು ಕಮ್ಮಿ ಬಿದ್ದು
ಆ ವರ್ಷ ನನ್ನ ಬಡ್ತಿ ನಿಂತಿತು.

"ಅವತ್ತು ಜನ ಹೆಚ್ಚಾತು ಅಂದ್ರಿ, ಕಮ್ಮಿ ಮಾಡಿದ್ವಿ.
ಈಗ ಕಮ್ಮಿ ಆತಂತ ಸೀಟಿನಾಗೂ ಸೂಟು ತೆಗೀತಾರಂತಲ್ರೀ?
ನಾ ಹಡೀದೇ ಬಿಟ್ಟ ಮಕ್ಕಳು
ಯಾರ ಚೀಲದಾಗ ಹೋದುವು?"

ನಾನು ಬಿಸ್ಕತ್ತು ಮುರಿದೆ. ಅದರಾಗ ಉತ್ತರ ಇರಲಿಲ್ಲ.

ಹಮಾಲಿ ಬಿಂದೇಸರ ಹೆಗಲ ಹೊಟ್ಟು ಝಾಡಿಸುತ್ತ ಬಂದ.
ಬಿಹಾರದವ. ಚೀಲ ಹೊರುತ್ತಲೇ ಕನ್ನಡ ಕಲಿತವ,
ಎತ್ತು, ಇಳಿಸು, ಸಾಕು.
"ನಮ್ಮ ಕಡಿ ಎಂಪಿ ಒಬ್ಬನೇ, ಜನ ರಗಡ.
ಅವ್ವ ಕಾಗದ ಕೊಟ್ಟರ ಅವನ ಕೈಗೆ ಮುಟ್ಟೂದಿಲ್ಲ.
ನಾ ಇಲ್ಲಿ ಹೊರೋದು ಪೂರಾ ಚೀಲ ಅಲ್ಲೇನ್ರಿ?
ಮತ್ತ ಎಣಿಸುವಾಗ ನಾ ಮುಕ್ಕಾಲು ಮನಶ್ಯಾ ಯಾಕ?"

ಈರಮ್ಮ ಬಸಿ ಕೆಳಗಿಟ್ಟಳು. ಸಿಟ್ಟಾಗಲಿಲ್ಲ.
ಅವನಿಗೂ ಒಂದು ಚಹ ಹೇಳಿದಳು.

ಹನ್ನೊಂದು ತಿಂಗಳು ಇಲ್ಲೇ ಮಲಗುವವನನ್ನು
ಯಾವ ಬಾಗಿಲಲ್ಲಿ ನಿಂತು ಎಣಿಸಬೇಕು?
ನೆನಪಾಯಿತು, ಊರಿಗೆ ಹೆಸರಿಲ್ಲದೆ ನಂಬರೇ ಹೆಸರಾದ
ಆರ್.ಎಚ್. ಕ್ಯಾಂಪು. ಲಸಿಕೆಗೆ ಹೋದಾಗ
ಬಂಗಾಳಿ ಮುದುಕಿ ನನ್ನ ಪೆನ್ನು ಹಿಡಿದುಕೊಂಡು,
"ಬರಕೋ ಮಗಳೇ, ಗಡಿ ದಾಟುವಾಗ ನಮ್ಮನ್ನು ಯಾರೂ ಎಣಿಸಲಿಲ್ಲ."

ಇನ್ನೊಂದು ಮಾತು ನಾನು ಯಾರಿಗೂ ಹೇಳಲಿಲ್ಲ.
ಮೈಸೂರಿನ ಮುಂದೆ ನಮ್ಮ ರಾಯಚೂರೇ ದೊಡ್ಡ ಸಂಸಾರ.
ರಾಜ್ಯದೊಳಗೆ ಹಂಚಿದರೆ ನಾವು ಬಿಹಾರ,
ದೇಶದೊಳಗೆ ಹಂಚಿದರೆ ನಾವು ಈರಮ್ಮ.
ತಲೆಗೊಂದು ಅಂದರೂ ನ್ಯಾಯ, ಮನೆಗೊಂದು ಅಂದರೂ ನ್ಯಾಯ.
ಎರಡು ನ್ಯಾಯ ಒಂದೇ ತಕ್ಕಡಿಗೆ ಬಿದ್ದರೆ
ಮುಳ್ಳು ನಿಲ್ಲುವುದಿಲ್ಲ, ನಡುಗುತ್ತದೆ.
ನಲವತ್ತು ವರ್ಷ ಕೂಸುಗಳನ್ನು ತೂಗಿದವಳು ನಾನು.
ಅಳುವ ಕೂಸನ್ನು ತೂಗುವುದು ಕಷ್ಟ.

ಅಂಗಳದಲ್ಲಿ ಉದುರು ನೆಲ್ಲನ್ನು ಸೇರಿನಲ್ಲಿ ಅಳೆಯುತ್ತ
ಮುದುಕ ಸಾಬಣ್ಣ ರಾಗವಾಗಿ ಎಣಿಸುತ್ತಿದ್ದ,
ಲಾಭಾ... ಎರಡೂ... ಮೂರೂ...

"ಕೇಳ್ರಿ," ಅಂದಳು ಈರಮ್ಮ, ಸೆರಗು ಸೊಂಟಕ್ಕೆ ಸಿಗಿಸುತ್ತ,
"ಒಂದು ಅನ್ನಂಗಿಲ್ಲ ಅಂವ.
ಜನಗಣತಿಗೆ ಬಂದಾಗ ನನ್ನ ಏನಂತ ಬರಕೊಂತೀರಿ,
ಒಂದೋ, ಲಾಭೋ?"